ಬೀಗ ಯಾರ ಹೆಸರಲ್ಲಿ?

ಮುಂಬಯಿಯ ಕಚೇರಿಗಳಿಗೆ ಕಂಪ್ಯೂಟರು ಬಂದ ಮೇಲೆ ಹುಟ್ಟಿದ ಕೂಗುಗಳಲ್ಲಿ ಒಂದಕ್ಕೆ ಇನ್ನೂ ವಯಸ್ಸಾಗಿಲ್ಲ: “ಅರೇ, ಶೀಟ್ ಕಿಸ್ನೇ ಖೋಲ್ ಕೆ ರಖಾ ಹೈ?” ಫೋರ್ಟಿನ ಸಿಎ ಕಚೇರಿಯಲ್ಲಿ, ಮಸ್ಜಿದ್ ಬಂದರಿನ ಪೆಢಿಯಲ್ಲಿ, ಅಂಧೇರಿ ಎಂಐಡಿಸಿಯ ಕಾರ್ಖಾನೆಯ ಅಕೌಂಟ್ಸ್ ವಿಭಾಗದಲ್ಲಿ, ಭಿವಂಡಿಯ ಗೋದಾಮಿನಲ್ಲಿ, ತಿಂಗಳ ಇಪ್ಪತ್ತನೇ ತಾರೀಖು ಹತ್ತಿರವಾದಂತೆಲ್ಲ ಈ ಕೂಗಿನ ಸ್ಥಾಯಿ ಏರುತ್ತದೆ. ಜಿಎಸ್‌ಟಿ ರಿಟರ್ನ್ ತುಂಬಬೇಕು. ಬೇಕಾದ ಫೈಲು ‘ರೀಡ್ ಓನ್ಲಿ’ ಎನ್ನುತ್ತಿದೆ. ಬೇರೊಬ್ಬರು ತೆರೆದಿಟ್ಟಿದ್ದಾರೆಂದು ಪರದೆ ಹೇಳುತ್ತಿದೆ. ಆ ಬೇರೊಬ್ಬರು ಯಾರೆಂದು ಕಚೇರಿಯಲ್ಲಿ ಯಾರಿಗೂ ಗೊತ್ತಿಲ್ಲ. ಅಷ್ಟರಲ್ಲಿ ಒಬ್ಬ ಧೈರ್ಯವಂತ ಹೋಗಿ ಸರ್ವರನ್ನೇ ಬಂದ್ ಮಾಡಿ ಚಾಲೂ ಮಾಡುತ್ತಾನೆ. ಫೈಲು ತೆರೆದುಕೊಳ್ಳುತ್ತದೆ, ಎಲ್ಲರಿಗೂ ಸಮಾಧಾನ. ಆ ಐದು ನಿಮಿಷದಲ್ಲಿ ಇನ್ನೊಂದು ಮೇಜಿನಲ್ಲಿ ಏನು ಕಳೆದುಹೋಯಿತೆಂಬುದು ತಿಳಿಯುವುದು ಆಡಿಟ್ ಹೊತ್ತಿಗೆ.

ಹಲವರು ಹಂಚಿಕೊಂಡ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಬೀಗ ಬಿದ್ದ ಫೈಲು: ಇಷ್ಟಕ್ಕೆ ಒಂದು ಸಿಂಹಾವಲೋಕನವೇ ಎಂದು ಓದುಗರು ಹುಬ್ಬೇರಿಸಬಹುದು. ಆದರೆ ಈ ನಗರ ಕಂಪ್ಯೂಟರಿನ ಜೊತೆ ಬಾಳಿದ ಆರು ದಶಕಗಳನ್ನು ಈ ಸಣ್ಣ ಕಿಂಡಿಯಿಂದ ನೋಡಿದಾಗ ದೊಡ್ಡ ವಿಷಯಗಳೂ ಕಾಣುತ್ತವೆ. ಬೀಗಗಳು ವರ್ಷದಿಂದ ವರ್ಷಕ್ಕೆ ಗಟ್ಟಿಯಾದವು. ಬೀಗ ಹಾಕಿದವರ ಹೆಸರನ್ನು ಮಾತ್ರ ನಾವೇ ಅಳಿಸುತ್ತ ಬಂದೆವು. ಇಲ್ಲಿ ನಡೆದ ಸಣ್ಣ ನಷ್ಟಗಳಿಗೂ ಕೆಲವು ದೊಡ್ಡ ಹಗರಣಗಳಿಗೂ ಇದೇ ಬೇರು ಎಂಬುದು ನಮ್ಮ ಅಭಿಪ್ರಾಯ.

ಇದು ಮುಂಬಯಿ ಕನ್ನಡಿಗರಿಗೆ ಹೊರಗಿನ ವಿಷಯವಲ್ಲ. ಹಗಲು ಹೋಟೆಲಿನಲ್ಲಿ ದುಡಿದು ಸಂಜೆ ಕನ್ನಡ ರಾತ್ರಿ ಶಾಲೆಯ ಬೆಂಚಿನಲ್ಲಿ ಕೂತು ಓದಿದ ತಲೆಮಾರು ಗುಮಾಸ್ತಗಿರಿಗೆ, ಬ್ಯಾಂಕಿಗೆ, ಲೆಕ್ಕಪತ್ರದ ಕಚೇರಿಗೆ ಹೋಯಿತು. ಚಿತ್ರಾಪುರ ಸಾರಸ್ವತರು 1906ರಲ್ಲೇ ಇಲ್ಲಿ ಶಾಮರಾವ್ ವಿಠಲ್ ಸಹಕಾರಿ ಬ್ಯಾಂಕು ಕಟ್ಟಿದ್ದರು. ಬಿಲ್ಲವರ ಅಸೋಸಿಯೇಶನ್ 1978ರಲ್ಲಿ ಭಾರತ್ ಬ್ಯಾಂಕನ್ನು ಹುಟ್ಟುಹಾಕಿತು. ಕೆನರಾ, ಸಿಂಡಿಕೇಟ್, ಕಾರ್ಪೊರೇಶನ್, ವಿಜಯಾ ಬ್ಯಾಂಕುಗಳ ಮುಂಬಯಿ ಶಾಖೆಗಳಲ್ಲಿ ಕೌಂಟರಿನ ಆಚೆ ತುಳುವೋ ಕನ್ನಡವೋ ಕೇಳುವುದು ಮಾಮೂಲಿಯಾಗಿತ್ತು. ಅಂದರೆ ಲೆಡ್ಜರಿನಿಂದ ಕೀಬೋರ್ಡಿಗೆ ಈ ಊರು ದಾಟಿದಾಗ ಆ ದೋಣಿಯಲ್ಲಿ ನಮ್ಮವರೂ ಬೇಕಾದಷ್ಟಿದ್ದರು.

ಲೆಡ್ಜರಿನ ಕಾಲದಲ್ಲಿ ಈ ತಂಟೆಯೇ ಇರಲಿಲ್ಲ. ಪುಸ್ತಕ ಒಂದು, ಅದು ಯಾರ ಮೇಜಿನಲ್ಲಿದೆಯೋ ಅವರದೇ ಅಧಿಕಾರ. ದೀಪಾವಳಿಗೆ ಚೋಪ್ಡಾ ಪೂಜೆ ಮಾಡುವ ಗುಜರಾತಿ ಪೆಢಿಯಲ್ಲಿ ಕೆಂಪು ಬಟ್ಟೆಯ ಆ ವಹಿಯನ್ನು ಮೆಹ್ತಾಜಿ ಬಿಟ್ಟು ಇನ್ನೊಬ್ಬರು ಮುಟ್ಟುತ್ತಿರಲಿಲ್ಲ. ಅಕ್ಷರ ನೋಡಿದರೆ ಬರೆದವರು ಯಾರೆಂದು ಹತ್ತು ವರ್ಷದ ಮೇಲೂ ಹೇಳಬಹುದಿತ್ತು.

ಮೊದಲ ಯಂತ್ರಗಳು ಬಂದಾಗಲೂ ಹಂಚಿಕೊಳ್ಳುವ ಪ್ರಶ್ನೆ ಏಳಲಿಲ್ಲ. 1961ರಲ್ಲಿ ಎಸ್ಸೊ ತೈಲ ಕಂಪನಿ ಮುಂಬಯಿಯಲ್ಲಿ ಐಬಿಎಂ 1401 ಯಂತ್ರ ಸ್ಥಾಪಿಸಿತು. ಕಾರ್ಡಿನ ಕಟ್ಟು ಒಳಗೆ ಹೋಗಬೇಕು, ಕಾಗದದ ಸುರುಳಿ ಹೊರಗೆ ಬರಬೇಕು, ಒಂದು ಕೆಲಸ ಮುಗಿದ ಮೇಲೆ ಇನ್ನೊಂದು. ಎಲ್‌ಐಸಿಯ ನೌಕರರು ಕಂಪ್ಯೂಟರನ್ನು ವಿರೋಧಿಸಿದ್ದು ಕೆಲಸ ಹೋಗುತ್ತದೆಂಬ ಭಯಕ್ಕೆ. ಬ್ಯಾಂಕ್ ಯೂನಿಯನ್ನುಗಳು 1983ರಲ್ಲಿ ಒಪ್ಪಂದಕ್ಕೆ ಬಂದ ಮೇಲೆ, ಡಾ. ಸಿ. ರಂಗರಾಜನ್ ಸಮಿತಿಯ 1984ರ ವರದಿಯ ಬಲದಿಂದ, ಶಾಖೆಗಳಿಗೆ ಲೆಡ್ಜರ್ ಪೋಸ್ಟಿಂಗ್ ಯಂತ್ರಗಳು ಬಂದವು. ಅವೂ ಒಂಟಿ ಯಂತ್ರಗಳೇ. ನಾಲ್ಕು ಜನ ಒಂದೇ ಖಾತೆಗೆ ಏಕಕಾಲದಲ್ಲಿ ಕೈಹಾಕುವ ದಿನ ಬಂದದ್ದು ಶಾಖೆಯ ಟರ್ಮಿನಲ್ಲುಗಳನ್ನೆಲ್ಲ ಒಂದೇ ಸರ್ವರಿಗೆ ಜೋಡಿಸಿದ ಮೇಲೆ.

ಆ ಕಾಲದಲ್ಲಿ ಬ್ಯಾಂಕಿನಲ್ಲಿದ್ದವರಿಗೆ ‘ಡೇ ಎಂಡ್’ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ದಿನದ ಲೆಕ್ಕ ಮುಚ್ಚುವ ಆ ಕಾರ್ಯಕ್ರಮ ಓಡಬೇಕಾದರೆ ಎಲ್ಲರೂ ವ್ಯವಸ್ಥೆಯಿಂದ ಹೊರಗೆ ಬಂದಿರಬೇಕು. ಒಬ್ಬರ ಲಾಗಿನ್ ಉಳಿದಿದ್ದರೂ ಓಡುವುದಿಲ್ಲ. ಆ ಒಬ್ಬರು 6.12ರ ಫಾಸ್ಟ್ ಲೋಕಲ್ ಹಿಡಿಯಲು ಆಗಲೇ ಹೊರಟಿರುತ್ತಿದ್ದರು. ಆಗ ಎರಡು ದಾರಿ. ಅವರ ಸೆಷನ್ ಯಾವುದು, ಅದರಲ್ಲಿ ಅರ್ಧಕ್ಕೆ ನಿಂತ ವೋಚರ್ ಏನಾದರೂ ಇದೆಯೇ ಎಂದು ನೋಡಿ, ಅಧಿಕಾರಿಯ ಸಮ್ಮುಖದಲ್ಲಿ ಅದನ್ನು ಮುಗಿಸಿ ರಿಜಿಸ್ಟರಿನಲ್ಲಿ ಬರೆದಿಡುವುದು ಒಂದು. ಯೂನಿಕ್ಸ್ ಬಲ್ಲ ಒಬ್ಬ ಹುಡುಗ ‘ಕಿಲ್’ ಆಜ್ಞೆ ಟೈಪಿಸಿ ಮನೆಗೆ ಹೋಗುವುದು ಇನ್ನೊಂದು. ಮೊದಲನೆಯದನ್ನು ಮಾಡಿದ ಅಧಿಕಾರಿಗಳನ್ನು ಅಂದು ಎಲ್ಲರೂ ಬೈದರು. ಈಗ ಹಿಂತಿರುಗಿ ನೋಡಿದರೆ, ಕಂಪ್ಯೂಟರ್ ಶಿಸ್ತೆಂದು ನಮ್ಮಲ್ಲಿ ಏನಾದರೂ ಬೇರೂರಿದ್ದರೆ ಅದು ಆ ಬೈಗುಳ ತಿಂದವರಿಂದ. ಶಾಮರಾವ್ ವಿಠಲ್ ಬ್ಯಾಂಕು ಮುಂದೆ ‘ಜೀನಿಯಸ್’ ಎಂಬ ತನ್ನದೇ ಕೋರ್ ಬ್ಯಾಂಕಿಂಗ್ ತಂತ್ರಾಂಶ ಕಟ್ಟಿ ಬೇರೆ ಸಹಕಾರಿ ಬ್ಯಾಂಕುಗಳಿಗೂ ಒದಗಿಸಿದ್ದನ್ನು ಇಲ್ಲೇ ನೆನೆಯಬೇಕು. ಬೇರೆಯವರ ಬೀಗದ ಕೈಗೆ ಕಾಯದೆ ತನ್ನ ಮನೆಯ ಬೀಗ ತಾನೇ ಮಾಡಿಕೊಂಡ ಬ್ಯಾಂಕುಗಳು ಹೆಚ್ಚಿಲ್ಲ.

ಬ್ಯಾಂಕಿಗೆ ಯೂನಿಯನ್ನು, ರಿಸರ್ವ್ ಬ್ಯಾಂಕು, ಇನ್‌ಸ್ಪೆಕ್ಟರುಗಳಿದ್ದರು. ಸಣ್ಣ ಕಚೇರಿಗಳಿಗೆ ಇದ್ದದ್ದು ಲ್ಯಾಮಿಂಗ್ಟನ್ ರಸ್ತೆ. ತೊಂಬತ್ತರ ದಶಕದಲ್ಲಿ ಅಲ್ಲಿಂದ ಬಿಡಿಭಾಗ ತಂದು ಜೋಡಿಸಿದ ಮೂರ್ನಾಲ್ಕು ಪಿಸಿ, ಒಂದು ನೋವೆಲ್ ಸರ್ವರ್, ಅದರ ಮೇಲೆ ಫಾಕ್ಸ್‌ಪ್ರೋದಲ್ಲಿ ಯಾರೋ ಬರೆದುಕೊಟ್ಟ ಬಿಲ್ಲಿಂಗ್ ಪ್ರೋಗ್ರಾಂ. ಎರಡು ಮೇಜಿನವರು ಒಂದೇ ಗಿರಾಕಿಯ ಖಾತೆಗೆ ಕೈಹಾಕಿದರೆ ಪರದೆಯ ಮೂಲೆಯಲ್ಲಿ, ಲಾಕ್ ಮಾಡಲು ಯತ್ನಿಸುತ್ತಿದೆ, ಬೇಡವಾದರೆ ಎಸ್ಕೇಪ್ ಒತ್ತಿ ಎಂಬರ್ಥದ ಒಂದು ಸಾಲು ಮೂಡುತ್ತಿತ್ತು. ಆ ಸಾಲಿನ ಹಿಂದೆ ದೊಡ್ಡ ವಿದ್ಯೆಯೇ ಇದೆ. ಹಲವರು ಒಂದೇ ದತ್ತಾಂಶವನ್ನು ತಿದ್ದುವಾಗ ಬೀಗಗಳನ್ನು ಯಾವ ಕ್ರಮದಲ್ಲಿ ಹಾಕಿ ಯಾವಾಗ ತೆಗೆದರೆ ಲೆಕ್ಕ ಕೆಡುವುದಿಲ್ಲ ಎಂಬುದನ್ನು ಐಬಿಎಂನ ಈಶ್ವರನ್, ಜಿಮ್ ಗ್ರೇ, ಲೋರಿ, ಟ್ರೇಗರ್ ಎಂಬ ನಾಲ್ವರು 1976ರಲ್ಲಿ ಗಣಿತದ ಖಚಿತತೆಯಿಂದ ನಿರೂಪಿಸಿದ್ದರು. ಸಂಶೋಧಕರು ತೋರಿಸಿದ್ದೂ ಮಸ್ಜಿದ್ ಬಂದರಿನ ಬಿಲ್ಲಿಂಗ್ ಹುಡುಗ ಎಸ್ಕೇಪ್ ಒತ್ತಿ ಮುರಿದದ್ದೂ ಒಂದೇ ನಿಯಮ: ಶುರು ಮಾಡಿದ್ದನ್ನು ಮುಗಿಸುವ ತನಕ ಕೈಬಿಡಬಾರದು.

ಕೈಬಿಟ್ಟರೆ ಆಗುತ್ತಿದ್ದದ್ದಿಷ್ಟು. ಒಂದು ಬಿಲ್ಲು ಬರೆಯುವಾಗ ದತ್ತಾಂಶದ ಫೈಲೂ ಸೂಚಿಯ ಫೈಲೂ ಎರಡೂ ಬದಲಾಗಬೇಕು. ಅದರ ನಡುವೆ ಕೇಬಲ್ ಕಿತ್ತರೆ ಅಥವಾ ಮಷೀನು ಬಂದ್ ಮಾಡಿದರೆ ಒಂದರಲ್ಲಿ ಬಿಲ್ಲು ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಬಿಲ್ ನಂಬರ್ ಹಾಕಿ ಹುಡುಕಿದರೆ ಸಿಗುವುದಿಲ್ಲ, ಒಟ್ಟು ಮೊತ್ತದಲ್ಲಿ ಮಾತ್ರ ಕೂತಿರುತ್ತದೆ. ಸೂಚಿಯನ್ನು ಮತ್ತೆ ಕಟ್ಟಲು ಎಲ್ಲರೂ ಹೊರಗೆ ಬರಬೇಕು. “ಸಬ್ ಬಾಹರ್ ನಿಕ್ಲೋ” ಎಂಬ ಇನ್ನೊಂದು ಕೂಗು ಹುಟ್ಟಿದ್ದು ಹಾಗೆ. ನೋವೆಲ್ ಸರ್ವರಿಗೆ ಒಂದು ಒಳ್ಳೆಯ ಗುಣವಿತ್ತು. ಯಾವುದಾದರೂ ಪಿಸಿ ಸತ್ತಂತೆ ಕಂಡರೆ ಅದು ಸುಮಾರು ಹದಿನೈದು ನಿಮಿಷ ಮತ್ತೆ ಮತ್ತೆ ಕರೆದು ನೋಡಿ, ಉತ್ತರ ಬಾರದಿದ್ದರೆ ಆಮೇಲೆ ಅದರ ಸಂಪರ್ಕ ಕಡಿದು ಬೀಗ ತೆಗೆಯುತ್ತಿತ್ತು. ಯಂತ್ರಕ್ಕಿದ್ದ ಈ ಹದಿನೈದು ನಿಮಿಷದ ತಾಳ್ಮೆ ಮನುಷ್ಯರಿಗೆ ಬಹಳ ಮಟ್ಟಿಗೆ ಬರಲೇ ಇಲ್ಲ.

ಮುಂದೆ ಬೆಂಗಳೂರಿನಿಂದ ಟ್ಯಾಲಿ ಬಂತು. ಶ್ಯಾಮಸುಂದರ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ 1986ರಲ್ಲಿ ಶುರುಮಾಡಿದ ಈ ಕಂಪನಿಯ ತಂತ್ರಾಂಶ ಮುಂಬಯಿಯ ಪೆಢಿಗಳಲ್ಲಿ ವಹಿಯನ್ನು ಪೂಜೆಯ ದಿನಕ್ಕಷ್ಟೇ ಉಳಿಸಿತು. ಜೊತೆಯಲ್ಲೇ ಎಕ್ಸೆಲ್. ಇವತ್ತಿಗೂ ನಗರದ ಸಣ್ಣ ಉದ್ಯಮ ನಿಂತಿರುವುದು ಈ ಎರಡರ ಮೇಲೆ. ಆದ್ದರಿಂದ ಬೀಗದ ಒಳರಚನೆಯನ್ನು ಸ್ವಲ್ಪ ಬಿಚ್ಚಿ ನೋಡಬೇಕು. ಕಚೇರಿಗಳಲ್ಲಿ ನಾವು ಕಾಣುವ ತಪ್ಪುಗಳಲ್ಲಿ ಹೆಚ್ಚಿನವು ಎರಡು ಬಗೆಯ ಬೀಗಗಳನ್ನು ಒಂದೇ ಎಂದು ತಿಳಿಯುವುದರಿಂದ ಆಗುತ್ತವೆ.

ಒಂದು ಬಗೆಯ ಬೀಗವನ್ನು ವಿಂಡೋಸ್ ತನ್ನ ನೆನಪಿನಲ್ಲೇ ಹಿಡಿದಿಟ್ಟುಕೊಂಡಿರುತ್ತದೆ. ಫೈಲು ತೆರೆದ ಪ್ರೋಗ್ರಾಂ ಮುಚ್ಚಿದ ಕ್ಷಣ ಅದೂ ಹೋಗುತ್ತದೆ. ಇನ್ನೊಂದು, ಪ್ರೋಗ್ರಾಂ ತಾನೇ ಡಿಸ್ಕಿನ ಮೇಲೆ ಬರೆದಿಡುವ ಗುರುತು. ಎಕ್ಸೆಲ್ ಫೈಲು ತೆರೆದಾಗ ಅದೇ ಫೋಲ್ಡರಿನಲ್ಲಿ ಅಲೆಗೆರೆ ಮತ್ತು ಡಾಲರ್ ಚಿಹ್ನೆಯಿಂದ ಶುರುವಾಗುವ ಒಂದು ಪುಟ್ಟ ಅಡಗು ಫೈಲು ಹುಟ್ಟುತ್ತದಲ್ಲ, ಅದು ಈ ಜಾತಿಯದು. ಲೋಕಲ್ ಟ್ರೈನಿನ ಸೀಟಿನ ಮೇಲೆ ಹಾಕಿದ ಕರ್ಚೀಫಿನ ಹಾಗೆ: ಹಾಕಿದವರು ಬಾಗಿಲ ಬಳಿ ನಿಂತಿರಲೂಬಹುದು, ದಾದರಿನಲ್ಲೇ ಇಳಿದು ಹೋಗಿರಲೂಬಹುದು, ಕರ್ಚೀಫಿಗೆ ಎರಡರ ವ್ಯತ್ಯಾಸ ತಿಳಿಯದು. ಕರೆಂಟ್ ಹೋಗಿ ಎಕ್ಸೆಲ್ ಅಕಾಲದಲ್ಲಿ ಸತ್ತರೆ ಈ ಅಡಗು ಫೈಲು ಉಳಿದುಬಿಡುತ್ತದೆ, ಬೀಗ ಇದ್ದಂತೆ ನಟಿಸುತ್ತದೆ. ಪರೀಕ್ಷೆ ಸುಲಭ. ಕಚೇರಿಯ ವಿಂಡೋಸ್ ಸರ್ವರಿನಲ್ಲಿ ಅದನ್ನು ಅಳಿಸಲು ಹೋದಾಗ, ಬಳಕೆಯಲ್ಲಿದೆ, ಆಗದು ಎಂದರೆ ಆಚೆ ಕಡೆ ಯಾರೋ ಇನ್ನೂ ಕೂತಿದ್ದಾರೆಂದೇ ಅರ್ಥ. ಅಲ್ಲಿಗೆ ಕೈ ಹಿಂದೆ ತೆಗೆದುಕೊಳ್ಳಬೇಕು. ಬದಲಿಗೆ ನಮ್ಮ ಹುಡುಗರು ಮಾಡುವುದು, ಅಂತರ್ಜಾಲದಿಂದ ಪುಕ್ಕಟೆ ‘ಅನ್‌ಲಾಕ್’ ಪ್ರೋಗ್ರಾಂ ಇಳಿಸಿ ಬಲವಂತ ಮಾಡುವುದು. ಅಂಥವುಗಳ ಬೆನ್ನೇರಿ ಬೇಡದ ಕಸ ಒಳಬಂದು ಕೂರುವುದು ಬೋನಸ್.

ಬಲವಂತಕ್ಕೆ ಬೆಲೆ ತೆರುವುದು ಫೈಲಿನ ಜಾತಿಗೆ ತಕ್ಕಂತೆ. ಎಕ್ಸೆಲ್ ಶೀಟಾದರೆ ಆಚೆ ಮೇಜಿನವರು ಉಳಿಸಲು ಹೋದಾಗ ತಕರಾರು ಬರುತ್ತದೆ, ಬೇರೆ ಹೆಸರಿನಲ್ಲಿ ಉಳಿಸಿಕೊಂಡು ಎರಡು ಪ್ರತಿಗಳನ್ನು ಕೂತು ಹೊಂದಿಸಬಹುದು. ಒಂದು ಮಧ್ಯಾಹ್ನ ಹೋಗುತ್ತದೆ ಅಷ್ಟೇ. ಟ್ಯಾಲಿಯ ಕಂಪನಿ ಡೇಟಾ ಆದರೆ, ಹತ್ತಾರು ಫೈಲುಗಳು ಒಂದನ್ನೊಂದು ಹಿಡಿದು ನಿಂತಿರುವಾಗ ನಡುವೆ ಒಂದನ್ನು ಕಿತ್ತಂತೆ. ಆಮೇಲೆ ಎಲ್ಲರನ್ನೂ ಹೊರಗೆ ಕಳುಹಿಸಿ ಡೇಟಾ ‘ರೀರೈಟ್’ ಮಾಡುತ್ತ ಕೂರಬೇಕು, ಅದೂ ಮೊದಲು ಒಂದು ಪ್ರತಿ ತೆಗೆದಿಟ್ಟುಕೊಂಡು. ಪ್ರತಿ ತೆಗೆಯದೆ ದುರಸ್ತಿಗೆ ಕೈಹಾಕುವವರನ್ನು ಸರ್ವರಿನ ಹತ್ತಿರ ಬಿಡಬಾರದು. ಹಾಗೆಯೇ ಟ್ಯಾಲಿ ಡೇಟಾವನ್ನು ಮನೆ-ಕಚೇರಿ ಎರಡೂ ಕಡೆ ಸಿಗಲೆಂದು ಡ್ರಾಪ್‌ಬಾಕ್ಸಿನಂಥ ಸಿಂಕ್ ಫೋಲ್ಡರಿನಲ್ಲಿಟ್ಟು ಓಡಿಸುವವರನ್ನೂ. ಅಲ್ಲಿ ಒಬ್ಬರ ಬೀಗ ಇನ್ನೊಬ್ಬರಿಗೆ ಕಾಣಿಸುವ ಭರವಸೆಯೇ ಇಲ್ಲ. ಇಬ್ಬರೂ ಬರೆಯುತ್ತಾರೆ, ಎರಡು ಪ್ರತಿಗಳಾಗುತ್ತವೆ, ಎರಡೂ ತಾನೇ ಅಸಲಿ ಎನ್ನುತ್ತವೆ.

ಕೆಲವೊಮ್ಮೆ ಬೀಗ ಹಾಕಿದವರು ಮನುಷ್ಯರೇ ಅಲ್ಲ. ಆಂಟಿವೈರಸ್ ಫೈಲನ್ನು ತಡಕುತ್ತಿರುತ್ತದೆ, ಬ್ಯಾಕಪ್ ಓಡುತ್ತಿರುತ್ತದೆ, ಪಕ್ಕದ ಮೇಜಿನವರು ಫೋಲ್ಡರಿನಲ್ಲಿ ಮುನ್ನೋಟದ ಕಿಟಕಿ ತೆರೆದಿಟ್ಟು ಊಟಕ್ಕೆ ಹೋಗಿರುತ್ತಾರೆ. ಕಚೇರಿಯನ್ನೆಲ್ಲ ಜಾಲಾಡಿದ ಮೇಲೆ ಅಪರಾಧಿ ತನ್ನದೇ ಪಿಸಿಯಲ್ಲಿ ಕಾಣದಂತೆ ಉಳಿದ ಎಕ್ಸೆಲ್ ಎಂದು ಗೊತ್ತಾಗುವುದೂ ಉಂಟು. ಇದನ್ನೆಲ್ಲ ಊಹಿಸುವ ಅಗತ್ಯವೇ ಇಲ್ಲ ಎಂಬುದು ಬೇಸರದ ಸಂಗತಿ. ವಿಂಡೋಸ್ ಸರ್ವರಿನ ‘ಕಂಪ್ಯೂಟರ್ ಮ್ಯಾನೇಜ್‌ಮೆಂಟ್’ ಒಳಗೆ ‘ಶೇರ್ಡ್ ಫೋಲ್ಡರ್ಸ್’, ಅದರಡಿ ‘ಓಪನ್ ಫೈಲ್ಸ್’ ಎಂಬ ಪಟ್ಟಿ ವಿಂಡೋಸ್ 2000ದಿಂದಲೂ ಇದೆ. ಯಾವ ಫೈಲು, ಯಾರು ತೆರೆದಿದ್ದಾರೆ, ಎಷ್ಟು ಬೀಗ, ಓದಲೋ ಬರೆಯಲೋ ಎಲ್ಲವನ್ನೂ ಅದು ಒಂದೇ ಸಾಲಿನಲ್ಲಿ ಹೇಳುತ್ತದೆ. ಹೆಸರು ನೋಡಿ, ಫೋನ್ ಮಾಡಿ, “ಉಳಿಸಿಕೊಂಡು ಹೊರಗೆ ಬನ್ನಿ” ಎಂದರೆ ಹತ್ತರಲ್ಲಿ ಒಂಬತ್ತು ಸಲ ಅಲ್ಲಿಗೇ ಮುಗಿಯುತ್ತದೆ. ಹತ್ತನೆಯ ಸಲಕ್ಕೆ, ಆ ವ್ಯಕ್ತಿ ನಿಜಕ್ಕೂ ಸಿಗದಿದ್ದರೆ, ಫೈಲಿನ ಪ್ರತಿ ತೆಗೆದಿಟ್ಟು, ಅದೊಂದೇ ಸೆಷನ್ ಮುಚ್ಚಿ, ಮುಚ್ಚಿದ್ದು ಯಾರು ಯಾವಾಗ ಎಂದು ಬರೆದಿಟ್ಟರಾಯಿತು. ಇಡೀ ಸರ್ವರನ್ನು ಮಲಗಿಸಿ ಎಬ್ಬಿಸುವುದು, ಒಬ್ಬರ ಬೀಗಕ್ಕಾಗಿ ಉಳಿದ ಹದಿನೈದು ಜನರ ಬೀಗ ಒಡೆಯುವ ಕೆಲಸ.

ಅಂದಮೇಲೆ ಈ ಪಟ್ಟಿಯನ್ನು ಯಾರೂ ಯಾಕೆ ಬಳಸುವುದಿಲ್ಲ? ಪಟ್ಟಿ ತೆರೆದು ನೋಡಿದರೆ ಉತ್ತರ ಅಲ್ಲೇ ಇದೆ. ಹೆಸರಿನ ಅಂಕಣದಲ್ಲಿ ಉದ್ದಕ್ಕೂ ‘ಅಕೌಂಟ್ಸ್’, ‘ಅಕೌಂಟ್ಸ್’, ‘ಅಕೌಂಟ್ಸ್’. ಇಡೀ ವಿಭಾಗಕ್ಕೆ ಒಂದೇ ಲಾಗಿನ್, ಪಾಸ್‌ವರ್ಡ್ ಮಾನಿಟರಿನ ಮೇಲೆ ಅಂಟಿಸಿದ ಚೀಟಿಯಲ್ಲಿ. ಎಕ್ಸೆಲ್ ತೋರಿಸುವ ಹೆಸರಿನ ಕಥೆ ಇನ್ನೂ ತಮಾಷೆ. ಅದು ಆಫೀಸ್ ತಂತ್ರಾಂಶ ಹಾಕುವಾಗ ಯಾರೋ ಟೈಪಿಸಿದ ಬಳಕೆದಾರನ ಹೆಸರು. ಪಿಸಿ ಜೋಡಿಸಿದ ಹುಡುಗ ಅವಸರದಲ್ಲಿ ‘ಯೂಸರ್’, ‘ಅಡ್ಮಿನ್’, ‘ಎಬಿಸಿ’ ಎಂದು ಏನೋ ಒತ್ತಿ ಹೋಗಿರುತ್ತಾನೆ. ಹಾಗಾಗಿ ಫೈಲಿಗೆ ಬೀಗ ಹಾಕಿದವರು ‘ಎಬಿಸಿ’ ಎಂದು ಪರದೆ ಗಂಭೀರವಾಗಿ ತಿಳಿಸುತ್ತದೆ. ಎಬಿಸಿ ಯಾರು? ಆರು ಪಿಸಿಗಳೂ ಎಬಿಸಿಯೇ. ಎರಡು ನಿಮಿಷದ ಕೆಲಸ: ಎಕ್ಸೆಲಿನ ಆಯ್ಕೆಗಳಲ್ಲಿ ಹೋಗಿ ಪ್ರತಿ ಪಿಸಿಯಲ್ಲೂ ಕೂರುವವರ ಹೆಸರು ಬರೆಯುವುದು. ಹತ್ತಾರು ವರ್ಷ ಯಾರೂ ಅದನ್ನು ಮಾಡುವುದಿಲ್ಲ. ಲೈಸೆನ್ಸಿನ ಖರ್ಚು ಉಳಿಸಲು ಲಾಗಿನ್ ಹಂಚಿಕೊಳ್ಳುವ ಶೇಠರ ಲೆಕ್ಕಾಚಾರ ನಮಗೆ ಅರ್ಥವಾಗುತ್ತದೆ. ಹೆಸರು ಟೈಪಿಸಲು ಕಾಸೇನೂ ಬೀಳುವುದಿಲ್ಲವಲ್ಲ ಎಂಬುದಷ್ಟೇ ನಮ್ಮ ತಕರಾರು.

2020ರಲ್ಲಿ ಈ ಹೆಸರಿಲ್ಲದ ಬಾಳು ಬೀದಿಗೆ ಬಂತು. ಮಾರ್ಚಿನಲ್ಲಿ ಲಾಕ್‌ಡೌನ್ ಘೋಷಣೆಯಾದಾಗ ಅಕೌಂಟೆಂಟರು ಡೊಂಬಿವಲಿ, ವಿರಾರ್, ಪನ್ವೇಲಿನ ಮನೆಗಳಿಂದ ಕಚೇರಿಯ ಪಿಸಿಗಳಿಗೆ ದೂರಸಂಪರ್ಕದಲ್ಲಿ ಒಳಹೊಕ್ಕರು. ಅಷ್ಟು ದಿನ ಕೂಗಿಗಾದರೂ ಉತ್ತರ ಬರುತ್ತಿತ್ತು, ಎಲ್ಲರೂ ಒಂದೇ ಕೋಣೆಯಲ್ಲಿದ್ದರು. ಈಗ ಕೂಗಿದರೆ ಕೇಳಲು ಯಾರಿದ್ದಾರೆ? ಅಕ್ಟೋಬರ್ 12ರ ಸೋಮವಾರ ಬೆಳಿಗ್ಗೆ ಹತ್ತರ ಸುಮಾರಿಗೆ ವಿದ್ಯುತ್ ಜಾಲ ಕೈಕೊಟ್ಟು ಮುಂಬಯಿ, ಠಾಣೆ, ನವಿ ಮುಂಬಯಿಗಳಲ್ಲಿ ಕರೆಂಟ್ ಹೋಯಿತು. ಲೋಕಲ್ ಟ್ರೈನುಗಳು ಹಳಿಯ ಮೇಲೆ ನಿಂತವು. ಲೋಡ್‌ಶೆಡ್ಡಿಂಗ್ ಅರಿಯದ ನಗರವಾದ್ದರಿಂದ ಯುಪಿಎಸ್ ಬ್ಯಾಟರಿ ಯಾವ ಸ್ಥಿತಿಯಲ್ಲಿದೆಯೆಂದು ನೋಡುವ ಅಭ್ಯಾಸವೂ ಇಲ್ಲಿನ ಸಣ್ಣ ಕಚೇರಿಗಳಿಗಿಲ್ಲ. ಹೀಗೆ ಕರೆಂಟ್ ಹೋಗಿ ಬಂದಾಗ ಅನಾಥ ಬೀಗಗಳು ಉಳಿಯುತ್ತವೆ, ಅವುಗಳಲ್ಲಿ ಯಾವುದು ಸತ್ತದ್ದು ಯಾವುದು ಜೀವಂತ ಎಂದು ವಿಂಗಡಿಸಬೇಕಾದವರು ನಾಲ್ಕು ಉಪನಗರಗಳಲ್ಲಿ ಚದುರಿರುತ್ತಾರೆ. ಆ ವರ್ಷದ ನಂತರ ಅನೇಕ ಕಚೇರಿಗಳು ಕ್ಲೌಡಿನ ಕಡೆ ಮುಖಮಾಡಿದ್ದರಲ್ಲಿ ಆಶ್ಚರ್ಯವಿಲ್ಲ. ಒಂದೇ ಶೀಟಿನಲ್ಲಿ ಹಲವರು ಒಟ್ಟಿಗೆ ಬರೆಯಬಹುದಾದ ಅನುಕೂಲ ಈಗ ಬಂದಿದೆ, ಬೀಗದ ಗೊಡವೆಯೇ ಬೇಡ ಎನ್ನುವವರಿದ್ದಾರೆ. ನಿಜ, ಆದರೆ ಹಳೆಯ ಎಕ್ಸ್‌ಎಲ್‌ಎಸ್ ಮಾದರಿಯ ಫೈಲಾದರೆ ಅದು ಅಲ್ಲೂ ಮೊದಲಿನಂತೆ ಬೀಗ ಬಿಗಿದುಕೊಂಡೇ ಕೂರುತ್ತದೆ. ನಮ್ಮ ಕಚೇರಿಗಳಲ್ಲಿ 2003ರ ಮಾದರಿಯ ಫೈಲುಗಳಿಗೇನು ಕೊರತೆ!

ಇನ್ನು ದೊಡ್ಡ ಮನೆಯ ವಿಷಯ. ಫೋರ್ಟಿನ ಬ್ರಾಡಿ ಹೌಸ್ ಶಾಖೆಯ ಹಗರಣವನ್ನು ಪಂಜಾಬ್ ನ್ಯಾಷನಲ್ ಬ್ಯಾಂಕು 2018ರ ಫೆಬ್ರವರಿ 14ರಂದು ಶೇರುಪೇಟೆಗೆ ತಿಳಿಸಿದಾಗ ಮೊದಲು ಹೇಳಿದ ಮೊತ್ತ ಸುಮಾರು 11,400 ಕೋಟಿ ರೂಪಾಯಿ. ಹಗರಣದ ಆರೋಪಿ ನೀರವ್ ಮೋದಿಯ ವಜ್ರಗಳ ಬಗ್ಗೆ ಪತ್ರಿಕೆಗಳು ಬರೆದಷ್ಟು ಆ ಶಾಖೆಯ ಕಂಪ್ಯೂಟರಿನ ಬಗ್ಗೆ ಬರೆಯಲಿಲ್ಲ. ವಿದೇಶಿ ಬ್ಯಾಂಕುಗಳಿಗೆ ಭರವಸೆಯ ಸಂದೇಶ ಹೋಗುವುದು ಸ್ವಿಫ್ಟ್ ಎಂಬ ವ್ಯವಸ್ಥೆಯಲ್ಲಿ. ಬರೆಯುವವರು ಒಬ್ಬರು, ಪರಿಶೀಲಿಸುವವರು ಇನ್ನೊಬ್ಬರು ಇರಬೇಕೆಂಬ ಬೀಗ ಅಲ್ಲಿತ್ತು. ಆ ಪಾಸ್‌ವರ್ಡುಗಳು ಬೇರೆಯವರ ಕೈಸೇರಿದ್ದವು ಎಂಬುದು ತನಿಖೆಯಲ್ಲಿ ಕೇಳಿಬಂದ ಆರೋಪ. ಮೇಲಾಗಿ ಸ್ವಿಫ್ಟ್ ವ್ಯವಸ್ಥೆ ಬ್ಯಾಂಕಿನ ಮುಖ್ಯ ಲೆಕ್ಕಕ್ಕೆ ಜೋಡಣೆಯಾಗಿರಲಿಲ್ಲ. ಹೊರಗೆ ಹೋದ ಸಂದೇಶ ಲೆಡ್ಜರಿನಲ್ಲಿ ತಾನಾಗಿ ಮೂಡುತ್ತಿರಲಿಲ್ಲ. ಸ್ವಿಫ್ಟ್ ದುರ್ಬಳಕೆಯ ಅಪಾಯದ ಬಗ್ಗೆ 2016ರ ಆಗಸ್ಟ್‌ನಿಂದ ಕನಿಷ್ಠ ಮೂರು ಸಲ ಬ್ಯಾಂಕುಗಳನ್ನು ಎಚ್ಚರಿಸಿದ್ದಾಗಿ ರಿಸರ್ವ್ ಬ್ಯಾಂಕು ಆಮೇಲೆ ಹೇಳಿತು, ಎರಡನ್ನೂ ಜೋಡಿಸಲು 2018ರ ಏಪ್ರಿಲ್ 30ರ ಗಡುವು ಹಾಕಿತು. ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಿದ ‘ಅಕೌಂಟ್ಸ್’ ಪಾಸ್‌ವರ್ಡಿಗೂ ಇದಕ್ಕೂ ಇರುವ ಅಂತರ ಮೊತ್ತದ್ದು ಮಾತ್ರ.

ಬೀಗವನ್ನೇ ಕಳ್ಳರು ಹಾಕುವ ಕಾಲವೂ ಅಷ್ಟರಲ್ಲಿ ಬಂದಿತ್ತು. 2017ರ ಜೂನ್ 27ರಂದು ನಾಟ್‌ಪೆಟ್ಯ ಎಂಬ ದುಷ್ಟ ತಂತ್ರಾಂಶ ಮೆರ್ಸ್ಕ್ ಹಡಗು ಸಂಸ್ಥೆಯ ಜಾಲವನ್ನು ಹೊಕ್ಕಾಗ ಜವಾಹರಲಾಲ್ ನೆಹರು ಬಂದರಿನಲ್ಲಿ ಅದೇ ಸಮೂಹ ನಡೆಸುತ್ತಿದ್ದ ಗೇಟ್‌ವೇ ಟರ್ಮಿನಲ್ಲಿನ ಪರದೆಗಳೂ ಕಪ್ಪಾದವು. ಫೈಲುಗಳೆಲ್ಲ ಬೀಗ ಬಿದ್ದು ಕೂತವು, ಹಣ ತೆತ್ತರೂ ತೆಗೆಯಲಾಗದ ಬೀಗ ಅದು. ಜಗತ್ತಿನಾದ್ಯಂತ ಮೆರ್ಸ್ಕ್ ಹತ್ತು ದಿನಗಳಲ್ಲಿ 4,000 ಸರ್ವರುಗಳನ್ನೂ 45,000 ಪಿಸಿಗಳನ್ನೂ ಹೊಸದಾಗಿ ಕಟ್ಟಬೇಕಾಯಿತು. ಯಾರು ಯಾವ ಬಾಗಿಲಿನಿಂದ ಒಳಬರಬಹುದೆಂಬ ಹೆಸರುಗಳ ದಾಸ್ತಾನು ಎಲ್ಲ ಕಡೆ ನಾಶವಾಗಿ, ಘಾನಾದ ಒಂದು ಕಚೇರಿಯಲ್ಲಿ ಮಾತ್ರ ಉಳಿದಿತ್ತು. ದಾಳಿಯ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿ ಆ ಯಂತ್ರ ಜಾಲದಿಂದ ದೂರವಿದ್ದದ್ದೇ ಪುಣ್ಯ. ನಮ್ಮ ಸಣ್ಣ ಕಚೇರಿಗಳಿಗೆ ಇದರಲ್ಲಿ ಕಲಿಯಲಿಕ್ಕಿರುವುದು ಒಂದೇ: ಒಂದು ಪ್ರತಿ ಯಾವುದೇ ತಂತಿಗೆ ಸಿಗದಂತೆ ಕಪಾಟಿನಲ್ಲಿರಲಿ. ಅದರಲ್ಲೂ ಒಂದು ಸೂಕ್ಷ್ಮವಿದೆ. ಸಾಮಾನ್ಯ ನಕಲು, ತೆರೆದಿಟ್ಟ ಫೈಲನ್ನು ಎಷ್ಟೋ ಸಲ ಬಿಟ್ಟು ಮುಂದೆ ಹೋಗುತ್ತದೆ. ದಿನವೂ ಬಳಸುವ, ದಿನವೂ ತೆರೆದೇ ಇರುವ ಮುಖ್ಯ ಲೆಡ್ಜರೇ ಪೆನ್‌ಡ್ರೈವಿನಲ್ಲಿ ಇರುವುದಿಲ್ಲ. ತೆರೆದ ಫೈಲಿನ ಚಿತ್ರ ಹಿಡಿಯುವ ‘ಶ್ಯಾಡೋ ಕಾಪಿ’ ಸೌಲಭ್ಯ ವಿಂಡೋಸ್ ಸರ್ವರ್ 2003ರಿಂದ ಇದೆ, ಆದರೆ ಯಾರಾದರೂ ಅದನ್ನು ಚಾಲೂ ಮಾಡಿರಬೇಕು. ಬ್ಯಾಕಪ್ ಮುಗಿಯಿತೆಂಬ ಸಂದೇಶದ ಕೆಳಗೆ ಬಿಟ್ಟುಹೋದ ಫೈಲುಗಳ ಪಟ್ಟಿ ಇರುತ್ತದೆ, ಅದನ್ನು ಓದಬೇಕು.

2024ರ ಜುಲೈ ಕೊನೆಯಲ್ಲಿ ನಡೆದದ್ದು ನಮ್ಮ ಸಮುದಾಯಕ್ಕೆ ಇನ್ನೂ ಹತ್ತಿರದ್ದು. ಸಣ್ಣ ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುವ ಸಿ-ಎಡ್ಜ್ ಸಂಸ್ಥೆ ರ‍್ಯಾನ್ಸಮ್‌ವೇರ್ ದಾಳಿಗೆ ಸಿಕ್ಕಿತು. ದೇಶದ ಪಾವತಿ ಜಾಲ ನಡೆಸುವ ಮುಂಬಯಿಯ ಎನ್‌ಪಿಸಿಐ ಜುಲೈ 31ರಂದು ಆ ಸಂಸ್ಥೆಯ ಸಂಪರ್ಕವನ್ನು ತಾತ್ಕಾಲಿಕವಾಗಿ ಕಡಿಯಿತು, ಮರುದಿನ ಮತ್ತೆ ಜೋಡಿಸಿತು. ಆ ಹೊತ್ತಿನಲ್ಲಿ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐಯಂಥ ಪಾವತಿಗಳು ನಿಂತವು. ಕಡಿದದ್ದು ಸರಿಯಾದ ಕೆಲಸ. ಸೋಂಕು ಹರಡುವ ಮುಂಚೆ ಕೇಬಲ್ ಕೀಳುವುದು, ಫೈಲುಗಳನ್ನು ಅಳಿಸದೆ ಇದ್ದಂತೆ ಇಡುವುದು ಇಂಥಲ್ಲಿ ಮೊದಲ ಪಾಠ. ಆದರೆ ತಮ್ಮ ಬ್ಯಾಂಕಿನ ಬೀಗದ ಕೈ ತಮ್ಮ ಬ್ಯಾಂಕಿನಲ್ಲೇ ಇಲ್ಲವೆಂದು ಎಷ್ಟೋ ನಿರ್ದೇಶಕರಿಗೆ ತಿಳಿದದ್ದು ಅವತ್ತೇ ಇರಬೇಕು.

ಸರಕಾರ ತನ್ನ ಕಡೆಯಿಂದ ಎರಡು ಕೆಲಸ ಮಾಡಿದೆ. ಸರಕಾರಿ ಸೈಬರ್ ಸುರಕ್ಷಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಕೊಟ್ಟ ನಿರ್ದೇಶನದಂತೆ ಇಂಥ ದಾಳಿಯನ್ನು ಆರು ಗಂಟೆಯೊಳಗೆ ವರದಿ ಮಾಡಬೇಕು, ಕಂಪ್ಯೂಟರಿನ ದಾಖಲೆಗಳನ್ನು 180 ದಿನ ಕಾದಿಡಬೇಕು. ಎರಡನೆಯದು, ಎರಡು ಸಲ ಮುಂದೂಡಿದ ಮೇಲೆ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕಂಪನಿ ಲೆಕ್ಕಪತ್ರದ ನಿಯಮ. ಲೆಕ್ಕದ ತಂತ್ರಾಂಶ ಪ್ರತಿ ತಿದ್ದುಪಡಿಯ ಜಾಡನ್ನು ಹಿಡಿದಿಡಬೇಕು, ಆ ಜಾಡನ್ನು ನಿಲ್ಲಿಸಲು ಬರಬಾರದು, ಲೆಕ್ಕಪರಿಶೋಧಕರು ಅದರ ಬಗ್ಗೆ ತಮ್ಮ ವರದಿಯಲ್ಲಿ ಹೇಳಬೇಕು. ಕಾನೂನು ಚೆನ್ನಾಗಿದೆ. ಜಾಡು ಕೂಡ ಶ್ರದ್ಧೆಯಿಂದ ದಾಖಲಾಗುತ್ತಿದೆ: ವೋಚರ್ ತಿದ್ದಿದವರು ‘ಅಕೌಂಟ್ಸ್’, ಅಳಿಸಿದವರು ‘ಅಕೌಂಟ್ಸ್’, ಮತ್ತೆ ಬರೆದವರೂ ‘ಅಕೌಂಟ್ಸ್’. ಲೆಕ್ಕಪರಿಶೋಧಕರ ಕಚೇರಿಯ ಆರ್ಟಿಕಲ್ ಹುಡುಗರು ಅದನ್ನು ನೋಡಿ ಟಿಕ್ ಹಾಕಿ ಮುಂದೆ ಹೋಗುತ್ತಾರೆ. ನಿಯಮ ಕೇಳಿದ್ದು ಜಾಡು ಇದೆಯೇ ಎಂದು, ಇದೆ. ಹಿರಿಯ ಸಿಎಗಳು, ಅವರಲ್ಲಿ ನಮ್ಮವರೂ ಕಡಿಮೆಯಿಲ್ಲ, ಒಂದೇ ಲಾಗಿನ್ನಿನಲ್ಲಿ ಐದು ಜನ ದುಡಿಯುವ ಕಕ್ಷಿದಾರರಿಗೆ ಈ ಬಗ್ಗೆ ಒಂದು ಸಾಲು ಬರೆದು ಕೊಟ್ಟರೆ ಕಾನೂನು ಮಾಡಲಾಗದ್ದನ್ನು ಅವರು ಮಾಡಿದಂತಾಗುತ್ತದೆ. ಕಕ್ಷಿದಾರ ಮುನಿಸಿಕೊಳ್ಳಬಹುದು ಎಂಬ ಅಳುಕು ಗೊತ್ತಿರುವುದೇ.

ಸಹಕಾರಿ ಬ್ಯಾಂಕುಗಳ ವಾರ್ಷಿಕ ಮಹಾಸಭೆಗಳಿಗೆ ಬಂದು ಕೂರುವ ನಮ್ಮ ಸದಸ್ಯರು ಡಿವಿಡೆಂಡ್ ಶೇಕಡಾ ಎಷ್ಟು, ಪ್ರತಿಭಾ ಪುರಸ್ಕಾರ ಯಾವಾಗ, ಈ ಸಲದ ಉಡುಗೊರೆ ಏನು ಎಂದು ಗಟ್ಟಿಯಾಗಿಯೇ ಕೇಳುತ್ತಾರೆ. ಮುಂದಿನ ಸಭೆಯಲ್ಲಿ ಇನ್ನೆರಡು ಪ್ರಶ್ನೆ ಸೇರಿಸಬಹುದು. ನಮ್ಮ ಬ್ಯಾಂಕಿನಲ್ಲಿ ಒಂದು ಲಾಗಿನ್ನನ್ನು ಒಬ್ಬರಿಗಿಂತ ಹೆಚ್ಚು ಜನ ಬಳಸುತ್ತಿದ್ದಾರೆಯೇ? ತಂತ್ರಾಂಶ ಕೊಟ್ಟ ಕಂಪನಿ ನಾಳೆ ಬೆಳಿಗ್ಗೆ ಬಾಗಿಲು ಹಾಕಿಕೊಂಡರೆ ನಮ್ಮ ಲೆಡ್ಜರಿನ ಪ್ರತಿ ಎಲ್ಲಿದೆ, ಅದನ್ನು ತೆರೆಯಬಲ್ಲವರು ಯಾರು? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಯಿಸಿ, ಉತ್ತರ ಕೊಟ್ಟವರ ಹೆಸರಿನೊಂದಿಗೆ.